ಬಾಸ್ಕೆಟ್‌ಬಾಲಿನವರಿಗೆ ಸುಸ್ತಾಗಬೇಕೇ?

ವ್ಯಾಪಾರಕ್ಕೆ ಕೂತವನು ನಗು ಹುಡುಕಿಕೊಂಡು ಹೊರಗೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಅದೇ ಚಪ್ಪಲಿ ಕಳಚಿ ಒಳಗೆ ಬರುತ್ತದೆ. ನಾನು ಮೊದಲು ಉಡುಪಿಯಲ್ಲಿ ಟಿ.ವಿ., ಮಿಕ್ಸಿ ಮಾರುತ್ತಿದ್ದೆ. ಆನ್‌ಲೈನಿನವರು ಆ ವ್ಯಾಪಾರವನ್ನು ಹೊತ್ತುಕೊಂಡು ಹೋದ ಮೇಲೆ, ಮಾರದೆ ಉಳಿದ ಟಿ.ವಿ.ಗಳ ಎದುರು ಕುರ್ಚಿ ಹಾಕಿ ವಿಡಿಯೋ ಗೇಮ್ ಅಂಗಡಿ ಮಾಡಿದೆ. ಈಗ ಮಣಿಪಾಲ, ಕಾಪು, ಕಾರ್ಕಳದಲ್ಲಿಯೂ ಒಂದೊಂದು ಉಂಟು. ಗಂಟೆ ಲೆಕ್ಕದ ಬಾಡಿಗೆ. ಗಿರಾಕಿ ಕೂತಿದ್ದರೆ ಲಾಭ, ಎದ್ದರೆ ನಷ್ಟ. ಇದಕ್ಕಿಂತ ದೊಡ್ಡ ತತ್ವಜ್ಞಾನ ನನ್ನಲ್ಲಿಲ್ಲ.

ಈ ಮಳೆಗಾಲದಲ್ಲಿ ಕಾಪುವಿನ ಹುಡುಗಿಯೊಬ್ಬಳು ಬಂದಳು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಮುಗಿಸಿದವಳು, ಕಾಲೇಜು ಟೀಮಿನಲ್ಲಿ ಬಾಸ್ಕೆಟ್‌ಬಾಲ್ ಆಡಿದವಳು. ತಾನೇ ಒಂದು ಬಾಸ್ಕೆಟ್‌ಬಾಲ್ ಗೇಮ್ ಮಾಡಿದ್ದಾಳಂತೆ. ಅವಳ ತಂದೆಗೆ ಮಲ್ಪೆ ಬಂದರಿನ ಹತ್ತಿರ ಐಸ್ ಪ್ಲಾಂಟ್. ಮೀನುಗಾರಿಕೆಯ ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುವುದರೊಳಗೆ ಯಾರಾದರೂ ಈ ಗೇಮ್ ಕೊಂಡರೆ ಸರಿ, ಇಲ್ಲದಿದ್ದರೆ ಸುಮ್ಮನೆ ಬಂದು ಪ್ಲಾಂಟಿನ ಕುರ್ಚಿಯಲ್ಲಿ ಕೂರಬೇಕು ಎಂದು ತಂದೆ ಹೇಳಿಯಾಗಿತ್ತು.

"ಅಂಕಲ್, ಇದರಲ್ಲಿ ಎಲ್ಲವೂ ನಿಜದ ಹಾಗೆಯೇ ಉಂಟು" ಎಂದಳು.

ನಿಜ ನೋಡಲಿಕ್ಕೆ ಜನ ಬಾಡಿಗೆ ಕೊಡುತ್ತಾರಾ ಎಂಬ ಸಂಶಯ ನನಗೆ ಆಗಲೇ ಬಂತು. ಆದರೂ, ಅಂಗಡಿಗಳಲ್ಲಿ ಹಾಕುತ್ತೇನೆ, ಗಿರಾಕಿಗಳು ತಾವಾಗಿ ಎರಡನೆಯ ಸಲ ಕೇಳಿದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದೆ.

ಸುಸ್ತು

ಮೊದಲು ಹಾಕಿದ್ದು ಮಣಿಪಾಲದಲ್ಲಿ. ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ಹುರುಪಿನಿಂದ ಕೂತ. ಸ್ವಲ್ಪ ಹೊತ್ತಿಗೆ ಟಿ.ವಿ.ಯೊಳಗಿನ ಆಟಗಾರ ಓಡುವುದನ್ನು ನಿಲ್ಲಿಸಿ, ಮೊಣಕಾಲಿಗೆ ಕೈ ಕೊಟ್ಟು ಏದುಸಿರು ಬಿಡತೊಡಗಿದ. ಇವನು ಬಟನ್ ಒತ್ತಿದ, ಕುಟ್ಟಿದ, ಕಂಟ್ರೋಲರನ್ನು ತೊಡೆಗೆ ಬಡಿದ. ಒಳಗಿನವನು ಕದಲಲಿಲ್ಲ.

"ಅಣ್ಣ, ಇದರ ಚಾರ್ಜ್ ಹೋಗಿದೆ" ಎಂದು ನನ್ನನ್ನು ಕರೆದ.

ಚಾರ್ಜ್ ಹೋದದ್ದಲ್ಲ, ಆಟಗಾರನಿಗೆ ಸುಸ್ತಾದದ್ದು ಎಂದು ಹುಡುಗಿ ವಿವರಿಸಿದಳು. ನಿಜವಾದ ಆಟದಲ್ಲಿ ಹಾಗೆಯೇ ಅಲ್ವಾ, ಬದಲಿ ಆಟಗಾರನನ್ನು ಕರೆಯಬೇಕು. ಕರೆದ. ಬದಲಿಯವನು ಬೆಂಚಿನಿಂದ ನಿಧಾನವಾಗಿ ಎದ್ದು, ಅಂಗಿ ಸರಿಮಾಡಿ, ಲೇಸು ಕಟ್ಟಿ, ನೀರು ಕುಡಿದು ಬಂದ. ಅಷ್ಟರಲ್ಲಿ ಇನ್ನೊಬ್ಬನಿಗೆ ಸುಸ್ತಾಯಿತು. ಗಂಟೆಯ ಅರ್ಧ ಭಾಗ ನಮ್ಮ ಗಿರಾಕಿ ಬೇರೆಯವರು ನೀರು ಕುಡಿಯುವುದನ್ನೇ ನೋಡಿದ.

ಹೋಗುವಾಗ ನನ್ನ ಹತ್ತಿರ ಮೆತ್ತಗೆ ಕೇಳಿದ: "ಅಣ್ಣ, ಇವರಿಗೆ ಊಟ ಕೂಡ ನಮ್ಮದೇ ಲೆಕ್ಕದಲ್ಲಾ?"

ಗೋಳಿಬಜೆ

ಹುಡುಗಿ ಬುದ್ಧಿವಂತೆ, ಆದರೆ ಪ್ರಾಯ ಸಣ್ಣದು. ಜನರಿಗೆ ಸುಲಭ ಬೇಕು ಎಂದು ನಾನು ಹೇಳಿದ್ದೇ ತಡ, ಮರುವಾರ ಆಟವನ್ನು ಎಷ್ಟು ಸುಲಭ ಮಾಡಿ ತಂದಳೆಂದರೆ, ಅಂಗಣದ ಯಾವ ಮೂಲೆಯಿಂದ ಎಸೆದರೂ ಚೆಂಡು ರಿಂಗಿಗೇ ಬೀಳುತ್ತಿತ್ತು.

ಕಾಪುವಿನ ಅಂಗಡಿಗೆ ಭಾವ-ಮೈದುನ ಇಬ್ಬರು ಬಂದರು. ಭಾವ ದುಬೈಯಿಂದ ರಜೆಯಲ್ಲಿ ಬಂದವರು, ಅಲ್ಲಿ ಇಂಥ ಗೇಮುಗಳನ್ನೇ ಆಡಿ ಪಳಗಿದವರು. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ ಕೂತರು. ಮೈದುನನಿಗೆ ಆಟದಲ್ಲಿ ಆಸಕ್ತಿ ಇರಲಿಲ್ಲ. ಎದುರಿನ ಹೋಟೆಲಿನಿಂದ ಬಿಸಿ ಗೋಳಿಬಜೆ ತರಿಸಿ, ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡು, ಎರಡೂ ಕೈಯಿಂದ ಚಟ್ನಿಗೆ ಅದ್ದಿ ತಿನ್ನುತ್ತಿದ್ದ. ತಟ್ಟೆಗೆ ಬಗ್ಗಿದಾಗಲೆಲ್ಲ ಮೊಣಕೈ ಬಟನಿಗೆ ತಾಗುತ್ತಿತ್ತು. ತಾಗಿದಾಗಲೆಲ್ಲ ಚೆಂಡು ರಿಂಗಿಗೆ.

ಗೆದ್ದವನು ಮೈದುನ. ಗೆದ್ದದ್ದು ಅವನಿಗೆ ಗೊತ್ತಿರಲಿಲ್ಲ. ಭಾವ ಎದ್ದು ಹೋದದ್ದು ನೋಡಿ ಗೊತ್ತಾಯಿತು. ಬಾಗಿಲಲ್ಲಿ ಭಾವ ನನಗೆ ಹೇಳಿದರು, ಸೋಲಿಗೆ ಬೇಸರವಿಲ್ಲ, ಆದರೆ ಮನೆಯಲ್ಲಿ ಹೆಂಡತಿ ಕೇಳಿದರೆ ಎಂತ ಹೇಳಲಿ, ನಿನ್ನ ತಮ್ಮ ನನ್ನನ್ನು ಸೋಲಿಸುವಾಗ ಇನ್ನೊಂದು ಪ್ಲೇಟ್ ಆರ್ಡರ್ ಮಾಡುತ್ತಿದ್ದ ಎಂದೇ?

ಗಾಳಿ

ಮೂರನೆಯ ಪ್ರಯತ್ನದಲ್ಲಿ ಹುಡುಗಿ ನಮ್ಮ ಊರನ್ನೇ ಆಟದೊಳಗೆ ತಂದಳು. ಕಾಪುವಿನಲ್ಲಿ ಕಡಲಿನ ಪಕ್ಕದ ಅಂಗಣ. ಗಾಳಿ ಪಡುವಣದಿಂದ ಬೀಸಿ ಚೆಂಡನ್ನು ಓರೆಯಾಗಿ ಒಯ್ಯುತ್ತದೆ. ಕಾಪುವಿನವರಿಗೆ ಹಬ್ಬ. ಗಾಳಿ ನೋಡಿ ಎಸೆಯುವುದು ಅವರಿಗೆ ಹುಟ್ಟಿನಿಂದ ಬಂದದ್ದು. ಒಬ್ಬರು ಮುದುಕರಂತೂ ಆಟ ನೋಡಲಿಕ್ಕೆ ಬಂದು ಮಫ್ಲರ್ ಬಿಗಿ ಮಾಡಿಕೊಂಡರು.

ಅದೇ ಆಟವನ್ನು ಕಾರ್ಕಳದಲ್ಲಿ ಹಾಕಿದಾಗ ಗಿರಾಕಿಗಳು ಜಗಳಕ್ಕೇ ಬಂದರು. ನಮ್ಮನ್ನು ಸೋಲಿಸಲಿಕ್ಕೆ ಕಾಪುವಿನವಳು ಮಾಡಿದ ಉಪಾಯ ಇದು, ಗಾಳಿಯನ್ನು ತೆಗೆಯಿರಿ, ಇದು ಮೋಸ ಎಂದರು. ಸರಿ, ನಿಮಗೆ ಎಂತ ಬೇಕು ಎಂದು ಕೇಳಿದೆ. ತಮ್ಮೂರಿನ ಹಾಗೆ ಪಾದೆಕಲ್ಲಿನ ಬಂಡೆಯ ಮೇಲೆ ಇಳಿಜಾರು ಅಂಗಣ ಬೇಕಂತೆ, ಚೆಂಡು ಕೈತಪ್ಪಿದರೆ ಕೆಳಗಿನ ಗದ್ದೆಯವರೆಗೆ ಉರುಳಬೇಕಂತೆ. ಅದು ಮೋಸ ಅಲ್ವಾ ಎಂದರೆ, "ಅದು ಎಂತ ಮೋಸ ಮಾರಾಯ್ರೆ, ಅದು ನಿಜ" ಎಂದರು.

ಅಂದು ನಾನು ಹುಡುಗಿಗೆ ಹೇಳಿದೆ: "ನೋಡು, ಜನರಿಗೆ ನಿಜವೂ ಬೇಕು, ಸುಲಭವೂ ಬೇಕು. ನಿಜ ಎದುರಿನವನಿಗೆ, ಸುಲಭ ತಮಗೆ."

ಅವಳು ನಗಲಿಲ್ಲ. ಮಲ್ಪೆಯಲ್ಲಿ ಬೋಟುಗಳಿಗೆ ಬಣ್ಣ ಹೊಡೆಯಲು ಶುರುವಾಗಿತ್ತು.

ನಿಯಮ

ಕಾರ್ಕಳದ ಅಂಗಡಿಗೆ ಅಜೆಕಾರಿನ ಕಡೆಯ ಪಿ.ಟಿ. ಮಾಷ್ಟ್ರೊಬ್ಬರು ಬರುತ್ತಿದ್ದರು. ಸುಸ್ತು, ಗಾಳಿ ಎಲ್ಲ ಬಿಡು, ನಿಯಮ ಇಲ್ಲದ ಆಟ ಆಟವೇ ಅಲ್ಲ ಎಂದು ಹುಡುಗಿಗೆ ಉಪದೇಶ ಮಾಡಿದರು. ಅವಳು ಪುಸ್ತಕದಲ್ಲಿ ಇದ್ದ ನಿಯಮವನ್ನೆಲ್ಲ ತುಂಬಿಸಿದಳು. ಕಾಲಿಟ್ಟರೆ ಸೀಟಿ, ಕೈ ತಾಗಿದರೆ ಸೀಟಿ, ನಿಂತರೂ ಸೀಟಿ. ಅಂಗಡಿ ಬಸ್ ಸ್ಟ್ಯಾಂಡಿನ ಹಾಗೆ ಕೇಳಿಸುತ್ತಿತ್ತು.

ಆದರೆ ವ್ಯಾಪಾರಿಯ ಕಣ್ಣು ಕುರ್ಚಿಯ ಮೇಲೆ. ಯಾರೂ ಏಳಲಿಲ್ಲ. ಟಿ.ವಿ.ಗೆ ಬೆರಳು ತೋರಿಸಿ, ಮುಟ್ಟಲೇ ಇಲ್ಲ ಮಾರಾಯ, ಎಂತ ಫೌಲ್ ಎಂದು ಬಯ್ಯುತ್ತಾ ಗಂಟೆ ಪೂರ್ತಿ ಕೂತರು. ನಮ್ಮ ಕಡೆಯ ವಾಲಿಬಾಲ್ ಪಂದ್ಯ ನೋಡಿದವರಿಗೆ ಇದು ಗೊತ್ತು. ಚೆಂಡು ಗಾಳಿಯಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಅಂಪೈರನ ಸುತ್ತ ಜನ ಇರುತ್ತಾರೆ. ರೆಫರಿಯೊಡನೆ ವಾದ ಮಾಡಲಿಕ್ಕೆ ಒಂದು ಬಟನ್ ಇಡು, ಅವನು ಅಪರೂಪಕ್ಕೊಮ್ಮೆ ಒಪ್ಪಲಿ, ಅತಿಯಾದರೆ ಹೊರಗೆ ಕಳಿಸಲಿ ಎಂದು ಹುಡುಗಿಗೆ ಹೇಳಿದೆ.

"ಅಂಕಲ್, ಬಾಸ್ಕೆಟ್‌ಬಾಲಿನಲ್ಲಿ ಹಾಗೆ ಇಲ್ಲ."

"ಬಾಸ್ಕೆಟ್‌ಬಾಲಿನಲ್ಲಿ ಇಲ್ಲ. ನಮ್ಮಲ್ಲಿ ಉಂಟು."

ಇಟ್ಟಳು. ಜನ ಎರಡನೆಯ ಸಲ ಅಲ್ಲ, ದಿನವೂ ಕೇಳತೊಡಗಿದರು. ಮಾಷ್ಟ್ರಿಗೆ ಮಾತ್ರ ಸಿಟ್ಟು. ಇದು ಯಾವ ಪುಸ್ತಕದಲ್ಲಿ ಉಂಟು ಎಂದು ನನ್ನನ್ನೇ ಗದರಿದರು. ಮುಂದಿನ ಭಾನುವಾರ ಪರೀಕ್ಷೆ ಮಾಡುತ್ತೇನೆಂದು ಕೂತವರು ಚೆಂಡನ್ನು ಮುಟ್ಟಿದ್ದು ಕಡಿಮೆ. ವಾದದ ಬಟನ್ ಒಳಗೆ ಕುಸಿದು ಹೋಯಿತು. ಇದೆಂತ ಮಾಷ್ಟ್ರೆ, ನೀವೂ ವಾದ ಮಾಡುವುದಾ ಎಂದೆ.

"ನಾನು ವಾದ ಮಾಡುತ್ತಿಲ್ಲ" ಎಂದರು, ಟಿ.ವಿ.ಯಿಂದ ಕಣ್ಣು ತೆಗೆಯದೆ. "ಅವನಿಗೆ ಪಾಠ ಮಾಡುತ್ತಿದ್ದೇನೆ."

ಐಸ್

ಬೋಟುಗಳು ಹೊರಡುವ ಮುನ್ನಾದಿನ ಹುಡುಗಿಯ ತಂದೆ ಉಡುಪಿಯ ಅಂಗಡಿಗೆ ಬಂದರು. ಕೈಯಲ್ಲಿ ಕಾರಿನ ಕೀ, ಮಗಳನ್ನು ಕರೆದುಕೊಂಡು ಹೋಗಲಿಕ್ಕೇ ಬಂದವರು. ಎಲ್ಲ ಅಂಗಡಿಗೂ ನಾನೇ ಗೇಮ್ ಕೊಳ್ಳುತ್ತಿದ್ದೇನೆ ಎಂದೆ. ಅವರು ನಂಬಲಿಲ್ಲ. ಹುಡುಗಿಯ ಮುಖ ನೋಡಿ ಕೊಳ್ಳುವುದು ವ್ಯಾಪಾರ ಅಲ್ಲ ಧಣಿ, ಇದರಲ್ಲಿ ಎಂತ ಉಂಟು ನಾನೇ ನೋಡುತ್ತೇನೆ ಎಂದು ಕೂತರು. ಹುಡುಗಿ ಗೋಡೆಗೆ ಒರಗಿ ನಿಂತಳು.

ಮೊದಲ ಚೆಂಡಿಗೇ ಸೀಟಿ.

"ಎಂತ ಫೌಲ್ ಇದು?"

"ಪಪ್ಪಾ, ನೀವು ಅವನನ್ನು ದೂಡಿದಿರಿ."

"ದೂಡಿದ್ದಾ? ನಾನು ದಾರಿ ಕೇಳಿದ್ದು."

ವಾದದ ಬಟನ್ ತೋರಿಸಿದಳು. ಬಂದರಿನಲ್ಲಿ ಆಯುಷ್ಯ ಕಳೆದವರಿಗೆ ಬೇರೆ ತರಬೇತಿ ಬೇಕಾಗಲಿಲ್ಲ. ಒತ್ತಿದರು, ಬಾಯಿಯಲ್ಲಿಯೂ ಹೇಳಿದರು. ರೆಫರಿ ಒಮ್ಮೆ ಒಪ್ಪಿದ. ಅಲ್ಲಿಗೆ ಮುಗಿಯಿತು, ಮನುಷ್ಯ ಆಟದೊಳಗೆ ಇಳಿದೇ ಬಿಟ್ಟರು. ಫೋನ್ ಬಂತು. ಬೋಟಿನವರು ಐಸಿಗೆ ಸಾಲು ನಿಂತಿದ್ದಾರೆ, ಬೇಗ ಬನ್ನಿ ಎಂದು ಪ್ಲಾಂಟಿನ ಲೆಕ್ಕ ಬರೆಯುವ ರೈಟರ್ ಕೂಗುವುದು ನನಗೂ ಕೇಳಿಸಿತು.

"ಸ್ವಲ್ಪ ನಿಲ್ಲಿಸು ಮಾರಾಯ, ಇಲ್ಲೊಬ್ಬ ಒಪ್ಪುವ ಹಂತಕ್ಕೆ ಬಂದಿದ್ದಾನೆ" ಎಂದು ಫೋನ್ ಇಟ್ಟರು.

ಅವನು ಒಪ್ಪಲಿಲ್ಲ. ಕೈ ಚಾಚಿ ಹೊರಗೆ ಕಳಿಸಿದ. ಮತ್ತೆ ಆಡಿದರು, ಮತ್ತೆ ಕಳಿಸಿದ. ಮೂರನೆಯ ಸಲವೂ ಕಳಿಸಿದಾಗ ಎದ್ದು, ಬಾಗಿಲಿಗೆ ಹೋಗಿ ಚಪ್ಪಲಿಗೆ ಕಾಲು ತೂರಿಸಿದರು. ಮುಖ ಕೆಂಪು. ಇನ್ನು ಇವರು ಒಪ್ಪುವುದಿಲ್ಲ ಎಂದು ನನಗೂ ಅನಿಸಿತು. ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗ್ ಹೆಗಲಿಗೇರಿಸಿ ಹಿಂದೆ ನಡೆದಳು.

ತಂದೆ ತಿರುಗಿ ನೋಡಿದರು. "ನೀನು ಎಲ್ಲಿಗೆ ಹೊರಟದ್ದು?"

"ಪ್ಲಾಂಟಿಗೆ, ಪಪ್ಪಾ."

"ಪ್ಲಾಂಟಿಗೆ ನಾನು ಬೇರೆ ಜನ ನೋಡುತ್ತೇನೆ. ನೀನು ಇಲ್ಲೇ ಕೂತು ಮೊದಲು ಆ ರೆಫರಿಯನ್ನು ಕೆಲಸದಿಂದ ತೆಗೆ."