ಬೀರುವಿನ ಕರ್ಣ

ಇಷ್ಟೆಲ್ಲಾ ರಾದ್ಧಾಂತಕ್ಕೆ ಕಾರಣ ಮೂರೇ ಮೂರು ಅಂಗುಲ. ಕೋಣೆಯ ಸೂರು ಏಳು ಅಡಿ, ಅಂಗಡಿಯಲ್ಲಿ ಕಂಡ ಉಕ್ಕಿನ ಬೀರು ಆರು ಅಡಿ ಒಂಬತ್ತು ಅಂಗುಲ. "ಮೂರು ಅಂಗುಲ ಮಿಕ್ಕಿತು, ಹೇಳಿ ಮಾಡಿಸಿದ ಹಾಗಿದೆ" ಎಂದು ಗಣಿತದ ಮೇಷ್ಟ್ರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಅವರ ಹೆಂಡತಿ ಬೀರು ಬೇಕೆಂದು ಕೇಳಿದ್ದು ಮದುವೆಯಾದ ಹೊಸದರಲ್ಲಿ. ಪರೀಕ್ಷೆ ಮುಗೀಲಿ, ರಜೆ ಬರಲಿ ಎನ್ನುತ್ತಲೇ ಮೇಷ್ಟ್ರು ತಲೆ ನರೆಸಿಕೊಂಡರು. ಆಕೆಯ ಬಟ್ಟೆಬರೆ ಮೂಲೆಯ ಟ್ರಂಕುಗಳಲ್ಲೇ ಮುದುಡಿಕೊಂಡಿತ್ತು. ಈಚೆಗೆ ಆಕೆ ಕೇಳುವುದನ್ನೇ ಬಿಟ್ಟಿದ್ದರು. ಕೇಳುತ್ತಿದ್ದಾಗ ಕಿರಿಕಿರಿ ಎನಿಸಿದ್ದು, ಕೇಳದೆ ಹೋದಮೇಲೆ ಮೇಷ್ಟ್ರ ಎದೆಯಲ್ಲಿ ಮುಳ್ಳಾಗಿ ಕೂತಿತು. ಆಕೆ ಅಕ್ಕನ ಮನೆಗೆ ಹೋಗಿ ಸಂಜೆ ಬರುವಷ್ಟರಲ್ಲಿ ಬೀರು ನಿಲ್ಲಿಸಿ, ಹಳೆಯ ತಪ್ಪನ್ನೆಲ್ಲ ಒಂದೇ ಏಟಿಗೆ ತೊಳೆದುಕೊಳ್ಳಬೇಕೆಂದು ಅವರು ಹೊರಟಿದ್ದರು.

ಬಾಗಿಲು ಗಿಡ್ಡ. ಹಮಾಲರು ಬೀರುವನ್ನು ಮಲಗಿಸಿಕೊಂಡೇ ಒಳಗೆ ತಂದರು. "ಎತ್ತಿ ನಿಲ್ಸೋದು ನಮ್ಮ ಮಾತಲ್ಲಿ ಇರ್ಲಿಲ್ಲ ಸಾರ್" ಎಂದು ಬೆವರು ಒರೆಸಿಕೊಂಡು ಹೊರಟೇಹೋದರು.

ಸದ್ದು ಕೇಳಿ ಕೆಳಮನೆಯ ಟೈಲರ್ ಹತ್ತಿ ಬಂದ. ಅವನ ಹಿಂದೆಯೇ, ತನ್ನ ಸೂರಿನ ಚಿಂತೆ ಹೊತ್ತು, ಮನೆಯ ಓನರ್.

"ಮೇಲೆ ತಾಗುತ್ತೆ ಮೇಷ್ಟ್ರೇ" ಎಂದರು ಓನರ್.

"ಮೂರು ಅಂಗುಲ ಗಾಳಿ ಆಡುತ್ತೆ ಸ್ವಾಮಿ! ಜೀವಮಾನವೆಲ್ಲ ಲೆಕ್ಕ ಹೇಳಿದ್ದೀನಿ, ನನಗೇ ಅಳತೆ ಹೇಳಿಕೊಡ್ತೀರಾ?"

ಟ್ರಂಕುಗಳನ್ನು ಆಚೆಗೆ ಎಳೆದರು. ಬೀರುವಿನ ತಲೆ ಗೋಡೆಯ ಕಡೆಗಿತ್ತು. ಮೇಷ್ಟ್ರು ಟೈಲರನನ್ನು ಕರೆದುಕೊಂಡು ಅಲ್ಲಿಗೇ ನುಗ್ಗಿದರು. ಓನರ್ ಬುಡ ಒತ್ತಿ ಹಿಡಿಯಬೇಕೆಂದಾಯಿತು.

"ಇದು ಸನ್ನೆಕೋಲಿನ ಪಾಠ ಕಣಯ್ಯಾ. ಬುಡ ಆನಿಕೆ. ಆನಿಕೆಯಿಂದ ದೂರ ಹಿಡಿದಷ್ಟೂ ಎತ್ತೋದು ಹಗುರ."

"ಅದನ್ನ ನನ್ನ ಸೊಂಟಕ್ಕೆ ಹೇಳಿ ಮೇಷ್ಟ್ರೇ" ಎಂದು ಟೈಲರ್ ಮುಲುಗಿದ.

ಬೀರು ಮೊಣಕಾಲಿಗೆ ಬಂತು, ಎದೆಗೆ ಬಂತು, ತಲೆ ಮೀರಿತು. ಇನ್ನೇನು ನಿಂತಿತು ಎನ್ನುವಾಗ ಮೇಲೆ ಕರ್ ಎಂದಿತು. "ತಳ್ಳು!" ಎಂದರು ಮೇಷ್ಟ್ರು. ಇಬ್ಬರೂ ತಳ್ಳಿದರು. ಬೀರುವಿನ ಮುಂದಿನ ಮೂಲೆ ಸೂರಿನ ಗಾರೆಗೆ ಬೆಣೆಯಂತೆ ಕಚ್ಚಿಕೊಂಡು, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಓನರ್ ತಲೆಯ ಮೇಲೆ ಸುಣ್ಣದ ಪುಡಿ ಉದುರಿತು.

"ಯಾರೂ ಮುಟ್ಟಬೇಡಿ! ಅಲ್ಲಾಡಿಸಿದ್ರೆ ಸೂರೇ ಬರುತ್ತೆ. ಮೇಸ್ತ್ರಿಗೆ ಹೇಳಿಕಳಿಸ್ತೀನಿ" ಎಂದು ಓನರ್ ಕೂಗಿಕೊಂಡರು.

ಕಡ್ಡಿಯಂಥ ಟೈಲರ್ ಬೀರುವಿಗೂ ಪಕ್ಕದ ಮಂಚಕ್ಕೂ ನಡುವಿನ ಸಂದಿಯಲ್ಲಿ ನುಸುಳಿ ಈಚೆ ಬಂದ. ಮೇಷ್ಟ್ರ ಹೊಟ್ಟೆಯ ಪರಿಧಿ ಆ ಸಂದಿಗೆ ಒಪ್ಪಲಿಲ್ಲ. ಓರೆಯಾಗಿ ನಿಂತ ಬೀರು ಒಂದು ಕಡೆ, ಗೋಡೆ ಒಂದು ಕಡೆ, ಕೆಳಗೆ ನೆಲ. ಆ ತ್ರಿಭುಜದಲ್ಲಿ ಮುದುಡಿ ಕೂತ ಮೇಷ್ಟ್ರು "ಲಂಬಕೋನದಲ್ಲಿ ಸಿಕ್ಕಿಕೊಂಡೆನಲ್ಲಯ್ಯಾ" ಎಂದು ಗೊಣಗಿದರು.

ಕೂತಮೇಲೆ ಬುದ್ಧಿ ಬಂತು. ಮಲಗಿದ ಪೆಟ್ಟಿಗೆ ಎದ್ದು ನಿಲ್ಲುವಾಗ ಸೂರಿನಡಿ ಹಾಯಬೇಕಾದ್ದು ಅದರ ಎತ್ತರವಲ್ಲ, ಕರ್ಣ: ಬುಡದ ಮೂಲೆಯಿಂದ ತಲೆಯ ಎದುರು ಮೂಲೆಗೆ ಎಳೆದ ಗೆರೆ. ಎತ್ತರ ಎಂಬತ್ತೊಂದು ಅಂಗುಲ, ಆಳ ಇಪ್ಪತ್ತನಾಲ್ಕು. ಎರಡರ ವರ್ಗವನ್ನೂ ಕೂಡಿ ವರ್ಗಮೂಲ ತೆಗೆದರೆ ಹತ್ತಿರ ಹತ್ತಿರ ಎಂಬತ್ತನಾಲ್ಕೂವರೆ. ಸೂರು ಎಂಬತ್ತನಾಲ್ಕು. ಎಷ್ಟೋ ಮಕ್ಕಳ ಕಿವಿ ಹಿಂಡಿ ಕಲಿಸಿದ ಪ್ರಮೇಯ! ಈಗ ತಮ್ಮ ಕಿವಿ ತಾವೇ ಹಿಂಡಿಕೊಳ್ಳೋಣವೆಂದರೆ ಕೈ ಎತ್ತಲೂ ಜಾಗವಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದರು.

"ರೀ, ಎಲ್ಲಿದ್ದೀರಿ?"

"ಲಂಬಕೋನದಲ್ಲಿ ಇದ್ದಾರಂತೆ ಅಕ್ಕಾ" ಎಂದ ಟೈಲರ್.

ಆಕೆ ಬೀರು ನೋಡಿದರು, ಸೂರು ನೋಡಿದರು, ನಿಧಾನವಾಗಿ ಮಂಚದ ಮೇಲೆ ಕೂತರು.

"ನಿನಗೇ ಅಂತ ತಂದೆ ಕಣೇ" ಎಂಬ ಸಣ್ಣ ದನಿ ಬೀರುವಿನ ಹಿಂದಿನಿಂದ ಬಂತು.

"ಕರ್ಣ ನೋಡ್ಲಿಲ್ವಾ?"

ಮೇಷ್ಟ್ರು ಬೆಚ್ಚಿದರು. "ಅದು... ನಿನಗೆ ಹೇಗೆ ಗೊತ್ತು?"

"ನೀವೇ ಹೇಳಿಕೊಟ್ಟಿದ್ದಲ್ವಾ? ಹಿಂದೆ ತಿರುಗಿ ಗೋಡೆ ನೋಡಿ."

ಟ್ರಂಕುಗಳ ಹಿಂದೆ ಇಷ್ಟು ವರ್ಷ ಮರೆಯಾಗಿದ್ದ ಗೋಡೆ ಅದು. ಮೇಷ್ಟ್ರು ಕಷ್ಟಪಟ್ಟು ಕತ್ತು ಹೊರಳಿಸಿದರು. ಮಾಸಿದ ಪೆನ್ಸಿಲ್ ಗೆರೆಗಳಲ್ಲಿ ಒಂದು ಪೆಟ್ಟಿಗೆ, ಅದರೊಳಗೊಂದು ಕರ್ಣ, ಪಕ್ಕದಲ್ಲಿ ಲೆಕ್ಕ. ಕೆಳಗೆ ಅವರದೇ ದುಂಡನೆಯ ಅಕ್ಷರ: 'ಆದ್ದರಿಂದ ಈ ಕೋಣೆಯಲ್ಲಿ ಬೀರು ನಿಲ್ಲಿಸಲು ಸಾಧ್ಯವಿಲ್ಲ.' ಅಂದು ಬೀರುವಿನ ಮಾತು ತಪ್ಪಿಸಲು ಸಿಕ್ಕ ನೆಪ ಅದು. ಹೇಳಿ ಪಾರಾದವರು ಆ ಕ್ಷಣವೇ ಮರೆತಿದ್ದರು.

"ಸುಣ್ಣ ಹೊಡೆಯೋರು ಬಂದಾಗಲೆಲ್ಲ ಅಲ್ಲೊಂದಿಷ್ಟು ಬಿಟ್ಟುಬಿಡಿ ಅಂತಿದ್ದೆ. ಇಷ್ಟು ವರ್ಷದಲ್ಲಿ ನೀವು ನನ್ನ ಪಕ್ಕ ಕೂತು ಸಮಾಧಾನವಾಗಿ ಮಾತಾಡಿದ್ದು ಅದೊಂದೇ ಸಲ" ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಮೇಷ್ಟ್ರಿಗೆ ಅನಿಸಿತು. ಬೀರು ತಂದು ತೀರಿಸುವ ತಪ್ಪು ಇದಾಗಿರಲಿಲ್ಲ.

ಕೆಳಗೆ ಗಾಡಿ ನಿಂತ ಸದ್ದಾಯಿತು. ಮೆಟ್ಟಿಲಿನಿಂದ ಯಾರೋ ಕೂಗಿದರು: "ಅಮ್ಮಾ, ನೀವು ಹೇಳಿದ ಬಿಡಿ ಹಲಗೆ ಬೀರು ಬಂತು! ಒಳಗೇ ಜೋಡಿಸಿ ನಿಲ್ಲಿಸಿಬಿಡ್ತೀವಿ. ಜಾಗ ಎಲ್ಲಿ?"

"ಕರ್ಣದ ತಾಪತ್ರಯ ಬೇಡ ಅಂತ ನಾನೇ ಹೇಳಿಬಂದಿದ್ದೆ" ಎಂದು ಆಕೆ ನಿಟ್ಟುಸಿರು ಬಿಟ್ಟು, ಬಾಗಿಲ ಕಡೆ ತಿರುಗಿದರು. "ಇದ್ದದ್ದು ಅದೊಂದೇ ಜಾಗ ಕಣಪ್ಪಾ. ಖಾಲಿ ಯಾವಾಗ ಆಗುತ್ತೋ, ಅಲ್ಲಿ ಕೂತಿರೋರನ್ನೇ ಕೇಳು."