ಸೈಕಲ್ ಬಾರದವನ ಸೈಕಲ್ ಚಡ್ಡಿ

ನನ್ನ ತಮ್ಮನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಇದನ್ನು ಊರೆಲ್ಲ ಹೇಳಿಕೊಂಡು ತಿರುಗಬೇಡ ಎಂದು ಅವನು ನನಗೆ ಕೈಮುಗಿದಿದ್ದಾನೆ. ಹಾಗಾಗಿ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ! ಸೈಕಲ್ ಬಾರದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರಲ್ಲ, ಅದೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ವಿಷಯ ಏನೆಂದರೆ, ಬೆಂಗಳೂರು, ಪುಣೆ, ಮುಂಬೈಯಲ್ಲಿ ಕಾರಿನಷ್ಟು ಬೆಲೆಯ ಸೈಕಲ್ ಹತ್ತಿ, ಬೆಳಕು ಹರಿಯುವ ಮೊದಲೇ ಬೆವರು ಸುರಿಸಲು ಹೊರಡುವ ದೊಡ್ಡ ಮನುಷ್ಯರಿಗೆ ಅಂಗಿ ಚಡ್ಡಿ ಹೊಲಿದು ಕಳಿಸುವವನು ಇವನೇ. ಮೀನು ಮುಟ್ಟದವನು ಮೀನೂಟದ ಹೋಟೆಲ್ ಇಟ್ಟ ಹಾಗೆ!

ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪು ಕಂಡರೆ ನೀವೇ ತಿದ್ದಿಕೊಂಡು ಓದಿ, ನನಗೆ ಸಾಕಾಗಿದೆ.

ಇವನು ಮುಂಬೈಯ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ತರನಾಗಿದ್ದ. ನಮ್ಮ ಕಡೆಯವರು ಮುಂಬೈಗೆ ಹೋದರೆ ಹೋಟೆಲ್ ಇಡುತ್ತಾರೆ, ಇವನು ಕತ್ತರಿ ಹಿಡಿದ. ಮದುವೆಯಾಗು ಎಂದಾಗಲೆಲ್ಲ ಅಳತೆ ಸರಿಬರಲಿಲ್ಲ ಎಂದ. ತಲೆ ಪೂರ್ತಿ ಬೆಳ್ಳಗಾದ ಮೇಲೆ ಒಂದು ಹೊಲಿಗೆ ಮಿಷನ್ನು, ಒಂದು ಟ್ರಂಕು ಹಿಡಿದುಕೊಂಡು ತೆಕ್ಕಟ್ಟೆಯ ನನ್ನ ಮನೆಯ ಅಂಗಳದಲ್ಲಿ ಇಳಿದ. ನನ್ನ ಗಂಡ ತೀರಿಹೋಗಿದ್ದರು. ಮಗಳು ಅಳಿಯ ಕುಂದಾಪುರದಲ್ಲಿ ಹೋಟೆಲ್ ನೋಡಿಕೊಂಡಿದ್ದರು. ನಾನೂ ನನ್ನ ಬೆಕ್ಕೂ ಯಾರ ಕಾಟವೂ ಇಲ್ಲದೆ ಇದ್ದೆವು.

"ಅಕ್ಕ, ಜಗ್ಲಿ ಮೇಲ್ ಒಂದ್ ಮೂಲಿ ಕೊಟ್ರ್ ಸಾಕ್" ಎಂದ.

ಕೊಟ್ಟೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

ಅವನು ಮೊದಲು ಹೊಲಿದ ಚಡ್ಡಿಯನ್ನು ನನಗೆ ತೋರಿಸಿದ. ಕಪ್ಪಗೆ, ಜಿಗಣೆಯ ಹಾಗೆ ಮೈಗೆ ಅಂಟುವಂಥದ್ದು. ಕೂರುವ ಜಾಗದಲ್ಲಿ ಒಳಗಿನಿಂದ ಒಂದು ದಪ್ಪ ಮೆತ್ತೆ. ದೂರ ದೂರ ಸೈಕಲ್ ಹೊಡೆಯುವವರಿಗೆ ಸೀಟು ಒತ್ತಿ ನೋವಾಗುತ್ತದೆ, ಅದಕ್ಕೆ ಈ ಏರ್ಪಾಡು ಎಂದು ವಿವರಿಸಿದ.

"ಅಷ್ಟ್ ನೋವಾತ್ತಾದ್ರೆ ಸೀಟಿಗೇ ಒಂದ್ ತಲೆದಿಂಬ್ ಕಟ್ಟುಕಾತಿಲ್ಯಾ?" ಎಂದು ಕೇಳಿದೆ.

ಚಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಟ್ರಂಕಿಗೆ ಹಾಕಿ ಬೀಗ ಜಡಿದ. ಕಂಪನಿ ಮುಚ್ಚಿಸುವಂಥ ಪ್ರಶ್ನೆಯನ್ನು ಕಂಪನಿ ತೆರೆದ ದಿನವೇ ಕೇಳಬಾರದಂತೆ! ಕಂಪನಿಗೊಂದು ಇಂಗ್ಲಿಷ್ ಹೆಸರಿದೆ. ಅದನ್ನು ಹೇಳಲು ಹೋದರೆ ನನ್ನ ಕಟ್ಟಿಸಿದ ಮುಂದಿನ ಹಲ್ಲು ಅಲ್ಲಾಡುತ್ತದೆ, ಅದಕ್ಕೇ ಹೇಳುವುದಿಲ್ಲ.

ಹೊಲಿದದ್ದೇನೋ ಆಯಿತು, ಹಾಕಿ ನೋಡುವವರು ಯಾರು? ಇವನು ಸೈಕಲ್ಲಿನ ಹತ್ತಿರವೇ ಸುಳಿಯುವುದಿಲ್ಲ. ನಮ್ಮಲ್ಲಿಗೆ ಮೀನು ತರುವವನು ನಾವುಂದ ಊರಿನವನು, ಹೆಂಡತಿಯ ಊರಲ್ಲಿ ಬಂದು ನಿಂತವನು. ಉಳಿದ ಮೀನಿನವರೆಲ್ಲ ಸ್ಕೂಟರಿಗೆ ಹೋದರೂ ಇವನೊಬ್ಬ ಸೈಕಲ್ ಬಿಟ್ಟಿಲ್ಲ. ತಮ್ಮ ಅವನಿಗೆ ಬೆನ್ನಿನ ಮೇಲೆ ಮೂರು ಜೇಬಿರುವ ಬಣ್ಣದ ಅಂಗಿ ತೊಡಿಸಿ ಕಳಿಸಿದ. ಅವನು ಒಂದು ಜೇಬಿಗೆ ಬೀಡಿ ಹಾಕಿದ, ಇನ್ನೊಂದಕ್ಕೆ ಫೋನು. ಮೂರನೆಯದಕ್ಕೆ ನನ್ನ ಬೆಕ್ಕಿನ ಪಾಲಿನ ಬಂಗುಡೆ! ವಾರ ಕಳೆದು ಬಂದು, ಜೇಬೆಲ್ಲ ಒಳ್ಳೆಯದೇ, ಆದರೆ ಬಂಗುಡೆಯ ಬಾಲ ಹೊರಗೆ ಬರುತ್ತದೆ ಎಂದು ವರದಿ ಕೊಟ್ಟ. ತಮ್ಮ ನಗಲಿಲ್ಲ. ಬಂಗುಡೆಯನ್ನು ಮೇಜಿನ ಮೇಲೆ ಮಲಗಿಸಿ ಟೇಪು ಹಿಡಿದು ಅಳೆದ, ಜೇಬನ್ನು ಅಷ್ಟೇ ಆಳ ಮಾಡಿದ. ಈಗ ಬೆಂಗಳೂರಿನವರು ಇಷ್ಟು ಅನುಕೂಲದ ಜೇಬು ಫಾರಿನ್ ಕಂಪನಿಯದರಲ್ಲೂ ಇಲ್ಲ ಎಂದು ಹೊಗಳುತ್ತಾರಂತೆ. ಹೊಗಳಲಿ. ನನ್ನ ಬೆಕ್ಕಿಗೆ ಯಾರೂ ಥ್ಯಾಂಕ್ಸ್ ಹೇಳಿಲ್ಲ.

ಕಂಪನಿ ಬೆಳೆಯಿತು ಎಂದರೆ ಪೇಟೆಯವರು ಏನೇನೋ ಲೆಕ್ಕ ಹೇಳುತ್ತಾರೆ. ನನಗೆ ಗೊತ್ತಿರುವ ಲೆಕ್ಕ ಒಂದೇ: ಕಂಪನಿ ಬೆಳೆದಷ್ಟೂ ನನ್ನ ಮನೆ ಸಣ್ಣದಾಯಿತು. ಜಗಲಿಯ ಮೂಲೆಯಿಂದ ಇಡೀ ಜಗಲಿಗೆ ಬಂತು. ಜಗಲಿಯಿಂದ ಒಳಗಿನ ಚಾವಡಿಗೆ ಬಂತು. ಹೊಲಿಯಲು ಹೆಂಗಸರು ಬಂದರು, ಅವರ ಹಿಂದೆ ಮಿಷನ್ನುಗಳು ಬಂದವು. ಅಕ್ಕಿ ಮುಡಿ ಇಡುತ್ತಿದ್ದ ಕೋಣೆಯಲ್ಲಿ ಬಟ್ಟೆಯ ಥಾನು, ದನದ ಹಟ್ಟಿಯಲ್ಲಿ ಡಬ್ಬಿ, ಅಟ್ಟದಲ್ಲಿ ಜಿಪ್ಪು. ಚಾವಡಿಯಲ್ಲಿ ತಲೆಯಿಲ್ಲದ ಒಂದು ಬೊಂಬೆ ನಿಲ್ಲಿಸಿ ಅದಕ್ಕೆ ಆ ಜಿಗಣೆ ಚಡ್ಡಿ ತೊಡಿಸಿಟ್ಟ. ಹಾಲಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಅದನ್ನು ಕಂಡು ಲೋಟ ಅಲ್ಲೇ ಬಿಟ್ಟು ಹೋದಳು. ಲೋಟ ಇನ್ನೂ ನನ್ನಲ್ಲೇ ಇದೆ.

ಒಂದು ಮಳೆಗಾಲದಲ್ಲಿ ಇನ್ನೊಂದು ರಾಮಾಯಣ ನಡೆಯಿತು. ಹೊಲಿದ ಅಂಗಿಯನ್ನು ಒಮ್ಮೆ ತೊಳೆದು ಒಣಗಿಸಿಯೇ ಕಳಿಸುವುದು ತಮ್ಮನ ಕ್ರಮ. ಬಿಸಿಲಿಲ್ಲ. ಹೊಲಿಯುವವರಲ್ಲಿ ಹಿರಿಯಳು ಕೊಕ್ಕರ್ಣೆಯಿಂದ ಮದುವೆಯಾಗಿ ಬಂದ ಗುಲಾಬಿ. ಅವಳು ನಮ್ಮೂರಿನ ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡಿದಳು, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಅಂಗಿಗಳನ್ನು ಹರವಿದಳು. ಅದೇ ಹಗ್ಗದ ಆ ತುದಿಯಲ್ಲಿ ನನ್ನ ಒಣಮೀನಿನ ಗಂಟು ತೂಗುತ್ತಿತ್ತು. ಅದರ ವಾಸನೆ ನಮ್ಮ ಮೂಗಿಗೆ ವಾಸನೆಯೇ ಅಲ್ಲವಲ್ಲ! ಅಂಗಿಗಳು ಮಡಿಕೆಯಾಗಿ ಚಂದದ ಡಬ್ಬಿಯಲ್ಲಿ ಕೂತು ಬೆಂಗಳೂರಿಗೆ ಹೋದವು.

ಮುಂದಿನ ವಾರ ಒಬ್ಬ ಗಿರಾಕಿಯ ಸಂದೇಶ ಬಂತು. ತಮ್ಮ ಮುಖ ಸಣ್ಣದು ಮಾಡಿಕೊಂಡು ಓದಿ ಹೇಳಿದ. ಈ ಅಂಗಿ ತೊಟ್ಟು ಹೊರಟರೆ ಪ್ರತಿ ಸರ್ಕಲ್ಲಿನಲ್ಲೂ ಬೀದಿನಾಯಿಗಳು ಬೆನ್ನು ಹತ್ತುತ್ತವಂತೆ. ಆದರೆ ಆತ ತನ್ನ ಜನ್ಮದಲ್ಲೇ ಅಷ್ಟು ವೇಗವಾಗಿ ಸೈಕಲ್ ಹೊಡೆದದ್ದಿಲ್ಲವಂತೆ! ಇನ್ನೂ ಎರಡು ಅಂಗಿ ಬೇಕು ಎಂದು ಕೇಳಿದ್ದ.

ಇಷ್ಟನ್ನೆಲ್ಲ ನಾನು ಸಹಿಸಿದೆ. ಸಹಿಸಲಾಗದ್ದು ಒಂದೇ, ಆ ಲಂಗ.

ಹೌದು, ಲಂಗ. ಅಂಗಿ ಚಡ್ಡಿಗಳ ಜೊತೆ ಪ್ರತಿ ಸಲವೂ ಇವನು ನಾಲ್ಕಾರು ಉದ್ದ ಲಂಗ ಹೊಲಿಯುತ್ತಿದ್ದ. ಹುಡುಗಿಯರು ಸೈಕಲ್ ಮೇಲೆ ತೊಡುವುದಕ್ಕಂತೆ. ಬಲಗಡೆ ಅಂಚಿನಲ್ಲಿ ಒಂದು ಕುಣಿಕೆ, ಮೊಣಕಾಲಿನ ಹತ್ತಿರ ಒಂದು ಗುಂಡಿ. ಕುಣಿಕೆಯನ್ನು ಗುಂಡಿಗೆ ಸಿಕ್ಕಿಸಿದರೆ ಆ ಬದಿಯ ಅಂಚು ಮೇಲೆ ನಿಲ್ಲುತ್ತದೆ. ಈಗಿನ ಯಾವ ಹುಡುಗಿ ಲಂಗ ಉಟ್ಟು ಸೈಕಲ್ ಹೊಡೆಯುತ್ತಾಳೆ? ಒಂದೂ ಮಾರಾಟವಾಗಲಿಲ್ಲ. ಮಾರಾಟವಾಗದ್ದನ್ನೆಲ್ಲ ನನ್ನ ಮಂಚದ ಕೆಳಗೆ ತುಂಬಿದ. ಕೆಳಗೆ ತುಂಬಿದ ಮೇಲೆ ಮಂಚದ ಮೇಲೂ ಇಟ್ಟ. ನಾನು ಗೋಡೆಯ ಬದಿಗೆ ಒತ್ತಿಕೊಂಡು ಮಲಗತೊಡಗಿದೆ. ಗುಲಾಬಿ ಒಮ್ಮೆ ಕೇಳಿಯೇಬಿಟ್ಟಳು, "ಮಾಸ್ಟ್ರೆ, ಇದನ್ನ್ ಉಡುಕೆ ಯಾರನ್ನಾರೂ ಹುಟ್ಸ್ಕಾ ಅಂದೇಳಿ ಇತ್ತಾ?" ಎಂದು. ಅವನು ಇನ್ನೊಂದು ಲಂಗಕ್ಕೆ ಬಟ್ಟೆ ಕತ್ತರಿಸಿದ.

ಈ ವರ್ಷ ಬೆಂಗಳೂರಿನಿಂದ ಒಬ್ಬ ಮೇಡಂ ಬಂದಳು. ದೊಡ್ಡ ದೊಡ್ಡ ಅಂಗಡಿ ಇರುವವಳು, ಮಾತು ನಯ. ಎಲ್ಲ ಮುಟ್ಟಿ ನೋಡಿದಳು, ಎಳೆದು ನೋಡಿದಳು. ವರ್ಷವಿಡೀ ಹೊಲಿದದ್ದನ್ನೆಲ್ಲ ತಾನೇ ಕೊಳ್ಳುತ್ತೇನೆ, ಬ್ರಹ್ಮಾವರದ ಹೈವೇ ಬದಿಯಲ್ಲಿ ದೊಡ್ಡ ಶೆಡ್ಡು ಬಾಡಿಗೆಗೆ ಹಿಡಿದು ಕೊಡುತ್ತೇನೆ, ಮಿಷನ್ನೆಲ್ಲ ಅಲ್ಲಿಗೆ ಸಾಗಿಸಿ ಎಂದಳು. ನನಗೆ ಅವಳ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ನನ್ನ ಚಾವಡಿ ನನಗೆ ಸಿಗುತ್ತದೆ! ಮಂಚದ ಮೇಲೆ ಅಂಗಾತ ಮಲಗಬಹುದು!

ಅವಳದ್ದು ಒಂದೇ ಷರತ್ತು. ಲಂಗ ಇರಬಾರದು. ಅದನ್ನು ಕಂಡರೆ ಗಿರಾಕಿಗಳು ಉಳಿದದ್ದನ್ನೂ ಹಗುರವಾಗಿ ನೋಡುತ್ತಾರೆ, ಹೆಸರು ಕೆಡುತ್ತದೆ ಎಂದಳು. ನ್ಯಾಯವಾದ ಮಾತು.

"ಲಂಗ ಇರ್ತದೆ ಮೇಡಂ" ಎಂದ ನನ್ನ ತಮ್ಮ. ಅಷ್ಟೇ.

ಮೇಡಮ್ಮಿಗೆ ಕಾಫಿ ತರುತ್ತೇನೆಂದು ಇವನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ನಿಂಗ್ ಮಂಡೆ ಸಮ ಇತ್ತಾ? ಆ ಹಾಳ್ ಲಂಗಕ್ ಬೇಕಾಯಿ ನನ್ ಮನಿ ಪೂರಾ ಸಾಮಾನ್ ಗುಡ್ಡಿ ಹಾಕ್ತ್ಯಾ? ಯಾರ್ ಉಡ್ತ್ರ್ ಅದನ್ನ್?"

ಅವನು ಒಲೆಯ ಕಡೆ ನೋಡುತ್ತಾ ಹೇಳಿದ, "ಅವತ್ತ್ ನೀನ್ ಇದನ್ನ್ ಉಟ್ಕಂಡಿದ್ರೆ ಬೀಳ್ತಿರ್ಲಿಲ್ಲೆ ಅಕ್ಕ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಾಲಗೆ ತಾನಾಗಿಯೇ ಕಟ್ಟಿಸಿದ ಹಲ್ಲಿನ ಹತ್ತಿರ ಹೋಯಿತು.

ಅಪ್ಪನ ಹತ್ತಿರ ಒಂದು ಗಂಡಸರ ಸೈಕಲ್ಲಿತ್ತು. ಆಗ ನನಗೆ ಹದಿಮೂರು, ಶಾಲೆ ಬಿಡಿಸಿ ಮನೆಯಲ್ಲಿ ಇಟ್ಟುಕೊಂಡಿದ್ದರು. ಇವನು ಒಂದನೇ ಕ್ಲಾಸಿಗೆ ಸೇರಿದ್ದ, ಶಾಲೆ ದೂರ. ಇವನನ್ನು ಕ್ಯಾರಿಯರಿನಲ್ಲಿ ಕೂರಿಸಿ, ದಂಡದ ಕೆಳಗಿನಿಂದ ಕಾಲು ತೂರಿಸಿ ಪೆಡಲು ತುಳಿದುಕೊಂಡು ನಾನೇ ಬಿಟ್ಟು ಬರುತ್ತಿದ್ದೆ. ಇಳಿಜಾರು ಬಂದಾಗ ಕಾಲೆತ್ತಿ ಹಾಗೇ ಬಿಡುತ್ತಿದ್ದೆ. ಹಿಂದಿನಿಂದ ಇವನು ನನ್ನ ಸೊಂಟ ಅಪ್ಪಿಕೊಂಡು ಕಿರುಚುತ್ತಿದ್ದ. ಒಂದು ದಿನ ಅದೇ ಇಳಿಜಾರಿನಲ್ಲಿ ಲಂಗ ಚೈನಿಗೆ ಸಿಕ್ಕಿತು. ಇಬ್ಬರೂ ಗದ್ದೆಯ ಚರಂಡಿಗೆ ಬಿದ್ದೆವು. ಇವನಿಗೆ ಏನೂ ಆಗಲಿಲ್ಲ, ನನ್ನ ಮುಂದಿನ ಹಲ್ಲು ಹೋಯಿತು. ಹೆಣ್ಣು ಸೈಕಲ್ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಅಪ್ಪ ಸೈಕಲ್ಲನ್ನೇ ಮಾರಿದರು. ಇವನು ಆಮೇಲೆ ಯಾರ ಸೈಕಲ್ಲನ್ನೂ ಹತ್ತಲಿಲ್ಲ. ನಾನು ಪುಕ್ಕಲ ಎಂದುಕೊಂಡಿದ್ದೆ.

ನನಗೆ ಮರೆತೇ ಹೋಗಿತ್ತು. ಮದುವೆ, ಗದ್ದೆ, ಬಸಿರು, ಬಾಣಂತನ. ಇದರ ನಡುವೆ ಸೈಕಲ್ಲನ್ನು ನೆನಪಿಟ್ಟುಕೊಳ್ಳಲು ಯಾರಿಗೆ ಪುರುಸೊತ್ತಿತ್ತು? ಇವನು ಮಾತ್ರ ಮುಂಬೈಯಲ್ಲಿ ಕೂತು, ಆ ಅಂಚನ್ನು ಚೈನಿನಿಂದ ಮೇಲೆ ಎತ್ತಿ ಹಿಡಿಯುವುದು ಹೇಗೆ ಎಂದು ಯೋಚಿಸುತ್ತಿದ್ದನಂತೆ.

ಮೇಡಂ ಕಾಫಿ ಕುಡಿದಳು. ಸ್ವಲ್ಪ ಅಂಗಿಗಳಿಗೆ ಮಾತ್ರ ಆರ್ಡರ್ ಬರೆದುಕೊಂಡು ಕಾರು ಹತ್ತಿದಳು. ಬ್ರಹ್ಮಾವರದ ಶೆಡ್ಡು ಹೋಯಿತು, ನನ್ನ ಚಾವಡಿಯೂ ಹೋಯಿತು. ತಲೆಯಿಲ್ಲದ ಬೊಂಬೆ ಅಲ್ಲೇ ನಿಂತಿತ್ತು.

ಮರುದಿನ ಬೆಳಿಗ್ಗೆ ಮಂಚದ ಮೇಲಿನ ರಾಶಿಯಿಂದ ಒಂದು ಲಂಗ ಎಳೆದು ನೋಡಿದೆ. ಕುಣಿಕೆ ಗಟ್ಟಿಯಾಗಿತ್ತು. ಸೊಂಟ ಮಾತ್ರ ಹದಿಮೂರರ ಹುಡುಗಿಯದ್ದು. ಅದನ್ನು ತೆಗೆದುಕೊಂಡು ಹೋಗಿ ಕಟಿಂಗ್ ಮೇಜಿನ ಮೇಲೆ ಅವನ ಮುಂದೆ ಹಾಕಿದೆ.

"ಲಾಡಿ ಬ್ಯಾಡ, ಸೊಂಟಕ್ ಇಲಾಸ್ಟಿಕ್ ಹಾಕ್" ಎಂದೆ. "ಆ ಮೀನಿನವ್ನ್ ಹತ್ರ ಸೈಕಲ್ ಒಂದ್ ಗಳಿಗಿಗ್ ಕೇಳ್."

ಅವನು ಕುತ್ತಿಗೆಯಿಂದ ಟೇಪು ತೆಗೆದು ನನ್ನ ಸೊಂಟಕ್ಕೆ ಸುತ್ತಿದ. ಹೆಂಗಸರು ಮಿಷನ್ ನಿಲ್ಲಿಸಿ ನೋಡುತ್ತಿದ್ದರು. ಅಳತೆಯನ್ನು ಗಟ್ಟಿಯಾಗಿ ಹೇಳಬೇಡ ಎಂದೆ. ಹೇಳಲಿಲ್ಲ. ಟೇಪಿನ ಅಂಕೆ ಕಾಣಲಿಲ್ಲವೆಂದು ಮೂರು ಸಲ ಅಳೆದ.

ಅವನಿಗೂ ವಯಸ್ಸಾಯಿತಲ್ಲ.