ಮಾವನ ಮನೆಯ ಸರ್ವರ್

ನನ್ನ ಸೋದರಮಾವ ಸತ್ತವರನ್ನು ಮನೆಯಲ್ಲಿಟ್ಟುಕೊಂಡು ಸಾಕುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಮಕ್ತಲ್‌ನ ಅವನ ಮನೆಯಲ್ಲಿ, ಅಕ್ಕಿಡಬ್ಬಿಯ ಪಕ್ಕದ ಗೂಡಿನಲ್ಲಿ, ನಮ್ಮ ಬಳಗದಲ್ಲಿ ಹೋದವರೆಲ್ಲ ಇದ್ದಾರೆ. ಕರೆದಾಗ ಬರುತ್ತಾರೆ, ನಗುತ್ತಾರೆ, ಬೀಗರ ಮೇಲೆ ಸಿಟ್ಟಾಗುತ್ತಾರೆ. ಕರೆಂಟು ಹೋದರೆ ಮಾತ್ರ ಇನ್ನೊಮ್ಮೆ ಸಾಯುತ್ತಾರೆ!

ಮಾವನದು ನಾರಾಯಣಪೇಟೆ ಸೀರೆಯ ಅಂಗಡಿ. ಆದರೆ ಅವನ ಜೀವವಿದ್ದದ್ದು ಸೀರೆಯಲ್ಲಲ್ಲ, ಮದುವೆಯ ವಿಡಿಯೋ ಕ್ಯಾಸೆಟ್ಟುಗಳಲ್ಲಿ. ಯಾವ ನೆಂಟರ ಮನೆಗೆ ಹೋದರೂ, ಅವರು ನೀರು ಕೊಡುವ ಮೊದಲೇ ಹಳೆಯ ಕ್ಯಾಸೆಟ್ ಇದೆಯೇ ಎಂದು ಕೇಳುತ್ತಿದ್ದ. ಬೂಸಲು ಹಿಡಿದ ಕ್ಯಾಸೆಟ್ಟುಗಳನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ಒಯ್ದು ಕಂಪ್ಯೂಟರಿಗೆ ಇಳಿಸಿಕೊಂಡು ಬರುತ್ತಿದ್ದ. ಕೊನೆಗೆ ಒಂದು ಹಳೆಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ತುಂಬಿ, ನೆಂಟರು ಅವರವರ ಮನೆಯ ಟೀವಿಯಲ್ಲೇ ನೋಡುವಂತೆ ಜೋಡಿಸಿದ.

ಮನೆಯಲ್ಲಿ ಸರ್ವರ್ ಇಟ್ಟಿದ್ದೇನೆ ಎಂದು ಅವನು ಓಣಿಗೆಲ್ಲ ಹೇಳಿಕೊಂಡು ಬಂದ. ಪಕ್ಕದ ಮನೆಯ ಮುದುಕಿಯೊಬ್ಬಳು ನನ್ನ ಅತ್ತೆಯನ್ನು ಕರೆದು, ಮರುಕದಿಂದ ಕೇಳಿದಳಂತೆ: "ಯಾವ ಹೋಟೆಲ್ನ್ಯಾಗ ಇದ್ನವ್ವಾ ಅಂವ? ಊಟ ನಿಮ್ಮ ಮನ್ಯಾಗ ಏನು?"

ಸರ್ವರ್ ಊಟ ಕೇಳಲಿಲ್ಲ, ಗಾಳಿ ಕೇಳಿತು. ಮಕ್ತಲ್‌ನ ಬೇಸಿಗೆ ನಿಮಗೆ ಗೊತ್ತೇ? ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಆ ಪೆಟ್ಟಿಗೆಯ ಮುಂದೆ ಹೋಗಿ ನಿಂತಿತು. ಮನುಷ್ಯರ ಗತಿ ಏನೆಂದು ಅತ್ತೆ ಕೇಳಿದ್ದಕ್ಕೆ ಮಾವ ಶಾಂತವಾಗಿ ಉತ್ತರಿಸಿದ: "ನಮಗ ಬೆವರು ಬಂದ್ರ ಒರಸ್ಕೊಂತೀವಿ. ಅದಕ್ಕ ಕೈ ಎಲ್ಲೈತಿ?"

ವಿಡಿಯೋಗಳಿಗೆ ಅವನು ಇಟ್ಟ ಹೆಸರುಗಳಂತೂ ದೊಡ್ಡ ರಾಮಾಯಣ. ವಧೂವರರ ಹೆಸರು ಯಾರಿಗೆ ನೆನಪಿರುತ್ತದೆ ಎನ್ನುವುದು ಅವನ ವಾದ. ಆದ್ದರಿಂದ 'ಸಾರು ಹಳಸಿದ ಮದುವೆ', 'ಮಳೆಗೆ ಚಪ್ಪರ ಕುಸಿದದ್ದು', 'ಅಳಿಯ ಮುನಿದದ್ದು' ಎಂದೆಲ್ಲ ಬರೆದಿಟ್ಟ. ಆ ಅಳಿಯ ರಾಜೋಳಿಯಲ್ಲಿ ಮೊಮ್ಮಕ್ಕಳ ಮುಂದೆ ಟೀವಿ ಹಚ್ಚಿದಾಗ ತನ್ನ ಮದುವೆಯನ್ನು ಆ ಹೆಸರಿನಲ್ಲಿ ಕಂಡು, ಮತ್ತೆ ಮುನಿದ!

ಅವನ ಈ ಹುಚ್ಚು ಸಾವಿನ ಮನೆಯನ್ನೂ ಬಿಡುತ್ತಿರಲಿಲ್ಲ. ಮಾನೋಪಾಡಿನಲ್ಲಿ ದೂರದ ದೊಡ್ಡಪ್ಪನೊಬ್ಬ ತೀರಿಹೋದಾಗ ಎಲ್ಲರೂ ಹೂಮಾಲೆ ಒಯ್ದರೆ ಮಾವ ಪೆನ್‌ಡ್ರೈವ್ ಒಯ್ದ. ಮಣ್ಣು ಮಾಡಿ ಬಂದವರ ಎದುರಿಗೇ ಟೀವಿಗೆ ಸಿಕ್ಕಿಸಿದ. ಪರದೆಯ ಮೇಲೆ ದೊಡ್ಡಪ್ಪ ಯಾರದೋ ಮದುವೆಯ ಪಂಕ್ತಿಯಲ್ಲಿ ಕೂತು, ಬಡಿಸುವವನ ಕೈ ಹಿಡಿದು ಇನ್ನೊಂದು ಲಾಡು ಕೇಳುತ್ತಿದ್ದ. ಅತ್ತೂ ಅತ್ತೂ ದಣಿದಿದ್ದ ಮನೆ ಒಮ್ಮೆಲೇ ನಕ್ಕಿತು. ಆಮೇಲೆ ಮೊದಲಿಗಿಂತ ಹೆಚ್ಚು ಅತ್ತಿತು. ಮಾವನೂ ಅವರ ನಡುವೆ ಕೂತು ಅತ್ತ.

ಆ ವರ್ಷವೇ ಗದ್ವಾಲದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಳು. ಮಾವನಿಗೆ ಅವಳು ಒಬ್ಬಳೇ ಅಕ್ಕ. ಎದೆ ಸೋತಿದೆ, ಇನ್ನು ಹೆಚ್ಚು ಭರವಸೆ ಬೇಡ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನಾನು ಮಾವನಿಗೆ ಹೇಳಿದೆ. ಅವನು ಮರುದಿನ ಬಂದು, ಅವ್ವನ ಮಂಚದ ಎದುರಿನ ಟೀವಿಯನ್ನು ತನ್ನ ಸರ್ವರಿಗೆ ಜೋಡಿಸಿ, ಅದಕ್ಕೆ 'ಅಕ್ಕ' ಎಂದು ಹೆಸರಿಟ್ಟು ಹೋದ.

ಯಾರ ಟೀವಿಯಲ್ಲಿ ಏನು ಓಡುತ್ತಿದೆ, ಎಲ್ಲಿ ನಿಂತಿದೆ ಎನ್ನುವುದೆಲ್ಲ ಮಕ್ತಲ್‌ನಲ್ಲಿ ಕೂತ ಅವನ ಮೊಬೈಲಿನಲ್ಲಿ ಹೆಸರಿನ ಸಮೇತ ಕಾಣಿಸುತ್ತಿತ್ತು. ಅವ್ವ ನೋಡುತ್ತಿದ್ದದ್ದು ಒಂದೇ, ಮಾವನ ಮದುವೆ. ಸ್ವಲ್ಪ ನೋಡುವಷ್ಟರಲ್ಲಿ ಕಣ್ಣು ಮುಚ್ಚುತ್ತಿದ್ದಳು. ನಾನು ನಿಲ್ಲಿಸಿದರೆ ಸಾಕು, ಫೋನು ಬರುತ್ತಿತ್ತು. ಅಕ್ಷತೆ ಬೀಳುವ ಮೊದಲೇ ಮಲಗಿದರೆ ತನ್ನ ಲಗ್ನ ಆಗುವುದು ಹೇಗೆ ಎಂದು ಮಾವ ಅವಳೊಂದಿಗೆ ಜಗಳ ತೆಗೆಯುತ್ತಿದ್ದ. ಅವ್ವನಿಗೆ ನಕ್ಕರೆ ಉಸಿರು ಸಾಲುತ್ತಿರಲಿಲ್ಲ. ಆದರೂ ನಗುತ್ತಿದ್ದಳು.

ಹಾಗೆ ನೋಡುತ್ತ ಮಲಗಿದ ಒಂದು ಮಧ್ಯಾಹ್ನ ಅವಳು ಏಳಲಿಲ್ಲ.

ಮಣ್ಣಿಗೆ ಬಂದಾಗ ಮಾವ ಪೆನ್‌ಡ್ರೈವ್ ತಂದಿರಲಿಲ್ಲ. ಗೋಡೆಗೆ ಒರಗಿ ಕೂತವನು ಹಾಗೇ ಎದ್ದು ಬಸ್ಸು ಹತ್ತಿದ.

ಕೆಲವು ವಾರ ಕಳೆದ ಮೇಲೆ, ಅವ್ವನ ಖೋಲಿ ಗುಡಿಸುವಾಗ ಟೀವಿ ಹಚ್ಚಿದೆ. ಮದುವೆ ಅರ್ಧಕ್ಕೇ ನಿಂತಿತ್ತು. ಉಳಿದದ್ದು ನೋಡೋಣವೆಂದು ಗುಂಡಿ ಒತ್ತಿದೆ. ವಾದ್ಯ ಶುರುವಾಗಿತ್ತಷ್ಟೇ, ಫೋನು ಬಂತು. ಎತ್ತಿದೆ. ಆ ಕಡೆಯಿಂದ ಬಹಳ ಮೆಲ್ಲಗೆ ಮಾವನ ದನಿ:

"ಅಕ್ಕಾ?"

"ನಾನು, ಮಾವಾ," ಎಂದೆ.

"ಹೌದಲ್ಲ," ಎಂದ ಮಾವ. "ನಿಲ್ಲಸಬ್ಯಾಡವ್ವಾ. ಓಡ್ಲಿ. ನಾನೂ ಇಲ್ಲಿ ಹಚ್ಚತೀನಿ."

ಇಬ್ಬರೂ ಫೋನು ಕಿವಿಗೆ ಹಿಡಿದೇ ನೋಡಿದೆವು. ಅಕ್ಷತೆ ಬಿತ್ತು. ಜನ ಊಟಕ್ಕೆ ಎದ್ದರು. ಆಗ, ಖಾಲಿಯಾದ ಚಪ್ಪರದಲ್ಲಿ, ಹರೆಯದ ನನ್ನ ಅವ್ವ ಸೆರಗಿನ ಮರೆಯಲ್ಲಿ ಏನೋ ಹಿಡಿದುಕೊಂಡು ಬಂದಳು. ಅತ್ತಿತ್ತ ನೋಡಿ, ಬಾಸಿಂಗ ಕಟ್ಟಿದ ತಮ್ಮನ ಬಾಯಿಗೆ ಹೋಳಿಗೆಯ ತುಂಡು ತುರುಕಿದಳು.

"ಮುಂಜೇಲಿಂದ ಉಪಾಸ ಇದ್ದೆ," ಎಂದ ಮಾವ. "ಆಕಿ ಒಬ್ಬಾಕಿಗೇ ನೆನಪಿತ್ತು."